ಗಡಿಯಾಚೆಯ ಮೆತ್ತೆ

ಎಂಟು ವರ್ಷ ಕಳ್ಳ ಮಾರಾಟಗಾರರನ್ನು ಹಿಡಿದುಕೊಟ್ಟದ್ದಕ್ಕೆ ಕಂಪನಿಯವರು ಅವನಿಗೆ ಕೊಟ್ಟದ್ದು ಒಂದು ನೀರಿನ ಬಾಟಲಿ. ಸ್ಟೀಲಿನದು, ಮೇಲೆ ಕಂಪನಿಯ ಗುರುತು, ಅದರ ಕೆಳಗೆ ‘ನೀವೇ ನಮ್ಮ ಶಕ್ತಿ’ ಎಂಬ ಬರಹ. ಅದೇ ಸಮಾರಂಭದಲ್ಲಿ ವಿಭಾಗದ ಮುಖ್ಯಸ್ಥನ ಪಟ್ಟ ಸಿಕ್ಕಿದ್ದು ಅವನಿಗಿಂತ ಎಷ್ಟೋ ಚಿಕ್ಕವನಾದ, ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸದೆ ನಾಲ್ಕು ಮಾತು ಆಡಲು ಬಾರದ ಒಬ್ಬನಿಗೆ. ಆ ಚಿತ್ರಗಳೊಳಗಿನ ಅಂಕಿಗಳನ್ನೆಲ್ಲ ಹೆಕ್ಕಿ ಕೊಟ್ಟವನು ನಮ್ಮ ಪರಿಶೀಲಕ. ಚಪ್ಪಾಳೆ ಬಿದ್ದಾಗ ಅವನೂ ತಟ್ಟಿದ, ಹಲ್ಲು ಕಾಣುವಂತೆ ನಕ್ಕ, ಹೊಸ ಮುಖ್ಯಸ್ಥನ ಕೈ ಕುಲುಕಿ "ನಿಮಗೇ ಸಿಗ್ಬೇಕಿತ್ತು ಬಿಡಿ" ಎಂದ. ಮನೆಗೆ ಬಂದು ಬಾಟಲಿಗೆ ನೀರು ತುಂಬಿದರೆ ಮುಚ್ಚಳದ ಸುತ್ತ ಸೋರಿತು.

ಅವತ್ತೇ ಅವನು ತೀರ್ಮಾನಿಸಿಬಿಟ್ಟ. ಈ ಜನಕ್ಕೆ ತನ್ನ ಬುದ್ಧಿಯ ಬೆಲೆ ಗೊತ್ತಿಲ್ಲ. ಹಾಗಾದರೆ ಆ ಬೆಲೆಯನ್ನು ತಾನೇ ವಸೂಲು ಮಾಡಿಕೊಳ್ಳಬೇಕು.

ಅವನ ಕೆಲಸ ಮಾಡುವುದಕ್ಕೆ ಸುಲಭ, ಮನೆಯವರಿಗೆ ಬಿಡಿಸಿ ಹೇಳುವುದಕ್ಕೆ ಕಷ್ಟ. ಜನ ಮೊಬೈಲಿನಲ್ಲಿ ಕೊಳ್ಳುವ ಆ ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಅಂಗಡಿಯದೇ ಸರಕು ಕಡಿಮೆ. ಮಾರುವವರು ಬೇರೆ ಬೇರೆ ಜನ. ಅವರಲ್ಲಿ ಅರ್ಧಕ್ಕರ್ಧ ಗಡಿಯಾಚೆಯವರು. ಪ್ರತಿ ಮಾರಾಟದಲ್ಲೂ ಐದರಲ್ಲೊಂದು ಪಾಲು ಸರ್ಕಾರದ ತೆರಿಗೆ. ಗಡಿಯಾಚೆಯವನು ಮಾರಿದರೆ ಆ ಪಾಲನ್ನು ಕಂಪನಿಯೇ ಹಿಡಿದಿಟ್ಟುಕೊಂಡು ಖಜಾನೆಗೆ ಕಟ್ಟುತ್ತದೆ, ಏಕೆಂದರೆ ಅವನು ಕೈಕೊಟ್ಟರೆ ಸರ್ಕಾರ ಯಾವ ದೇಶಕ್ಕೆಂದು ಹುಡುಕಿಕೊಂಡು ಹೋದೀತು? ದೇಶದೊಳಗಿನವನು ಮಾರಿದರೆ ಮಾತ್ರ ತೆರಿಗೆಸಮೇತ ಪೂರ್ತಿ ಹಣ ಅವನ ಕೈಗೇ ಹೋಗುತ್ತದೆ. ಆಮೇಲೆ ಕಟ್ಟುವುದು ಅವನ ಜವಾಬ್ದಾರಿ. ಹೀಗಾಗಿ ಗಡಿಯಾಚೆಯ ಖದೀಮರು ದೇಶದೊಳಗಿನವರ ವೇಷ ಹಾಕಿಕೊಂಡು ಬರುತ್ತಾರೆ. ಬಾಡಿಗೆಯ ವಿಳಾಸ, ಬಾಡಿಗೆಯ ಮಾಲೀಕ. ಒಂದಷ್ಟು ಕಾಲ ತೆರಿಗೆಯ ಪಾಲನ್ನೂ ನುಂಗಿ, ಒಂದು ದಿನ ನಾಪತ್ತೆ. ಆ ವೇಷ ಕಳಚುವುದೇ ಪರಿಶೀಲಕನ ಉದ್ಯೋಗ.

ಕಳ್ಳರ ದಡ್ಡತನ ನೋಡಿ ನೋಡಿ ಅವನಿಗೆ ಒಂದು ರೀತಿಯ ಅವಮಾನವೇ ಆಗುತ್ತಿತ್ತು. ಒಬ್ಬ ತನ್ನ ಉಗ್ರಾಣವೆಂದು ಈಜುಕೊಳದ ವಿಳಾಸ ಕೊಟ್ಟಿದ್ದ. ಇನ್ನೊಬ್ಬನ ಲೆಕ್ಕದಲ್ಲಿ ಒಂದೇ ಕ್ಷೌರದಂಗಡಿಯೊಳಗೆ ನಲವತ್ತು ಕಂಪನಿಗಳಿದ್ದವು. ಮತ್ತೊಬ್ಬ ವಿಡಿಯೊ ಕರೆಯಲ್ಲಿ ‘ನಮ್ಮ ಕಾರ್ಖಾನೆ’ ಎಂದು ತೋರಿಸುತ್ತಿದ್ದಾಗ ಹಿಂದಿನ ಗೋಡೆಯ ಗಡಿಯಾರ ಬೇರೆ ದೇಶದ ಹೊತ್ತು ತೋರಿಸುತ್ತಿತ್ತು. ಬೆಪ್ಪುತಕ್ಕಡಿಗಳು! ಇಂಥವರನ್ನು ಹಿಡಿಯುವುದಕ್ಕೆ ತನ್ನಂಥವನು ಬೇಕೆ? ಇಷ್ಟು ಒಳ್ಳೆಯ ಅಪರಾಧವನ್ನು ಇಷ್ಟು ಕೆಟ್ಟದಾಗಿ ಮಾಡುತ್ತಾರಲ್ಲ ಎಂದು ಅವನ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ, ಒಂದೇ ಒಮ್ಮೆ, ಇದನ್ನು ತಿಳಿದವನೊಬ್ಬ ಮಾಡಿ ತೋರಿಸಬೇಕು.

ಸರಕನ್ನು ಆರಿಸಿಕೊಳ್ಳಲು ಅವನು ಅವಸರ ಮಾಡಲಿಲ್ಲ. ಮೊಬೈಲು, ಕೈಗಡಿಯಾರ ಇಂಥವು ಬೇಡ, ಅವುಗಳ ಮೇಲೆ ಎಲ್ಲರ ಕಣ್ಣು. ಬಟ್ಟೆ ಬೇಡ, ಅರ್ಧ ವಾಪಸು ಬರುತ್ತದೆ. ಕೊನೆಗೆ ಅವನ ಮನಸ್ಸು ನಿಂತದ್ದು ಕುರ್ಚಿಯ ಮೆತ್ತೆಯ ಮೇಲೆ. ಬೂದು ಬಣ್ಣದ ದಪ್ಪ ಕುಶನ್, ಹಿಂಬದಿಗೆ ಯಾರೋ ಕಚ್ಚಿ ತಿಂದಂತೆ ಒಂದು ಕಚ್ಚು. ಕೂತಾಗ ಬೆನ್ನುಮೂಳೆಯ ತುದಿಗೆ ಒತ್ತಡ ಬೀಳಬಾರದೆಂದು ಹಾಗೆ ಕತ್ತರಿಸಿರುತ್ತಾರೆ. ಒಡೆಯುವುದಿಲ್ಲ, ಹಳಸುವುದಿಲ್ಲ, ಕೊಂಡವನು ಅದರ ಮೇಲೆ ಕೂತು ಮರೆತುಬಿಡುತ್ತಾನೆ. ಅಂಡಿನಡಿಯ ಮೆತ್ತೆಗೆ ಬಿಲ್ಲು ಕೇಳುವ ಭೂಪ ಇನ್ನೂ ಹುಟ್ಟಿಲ್ಲ ಎಂದುಕೊಂಡು ಅವನು ಒಬ್ಬನೇ ನಕ್ಕ.

ಆ ಮೆತ್ತೆ ಮಾಡುವ ಗಡಿಯಾಚೆಯ ವ್ಯಾಪಾರಿಯೊಬ್ಬ ಎರಡು ಸಲ ವೇಷ ಹಾಕಿಕೊಂಡು ಬಂದು ಪರಿಶೀಲಕನ ಕೈಗೇ ಸಿಕ್ಕಿಬಿದ್ದಿದ್ದ. ವ್ಯಾಪಾರ ಮೇಳವೊಂದರಲ್ಲಿ ಅವನೇ ಎದುರಾದ. ಇಬ್ಬರೂ ಕಾಫಿ ಯಂತ್ರದ ಮರೆಗೆ ಸರಿದರು. ಪರಿಶೀಲಕ ಹೇಳಿದ್ದು ಇಷ್ಟೇ: ದೇಶದೊಳಗಿನ ಮಾರಾಟಗಾರನೆಂಬ ಮುದ್ರೆ ನಾನು ಕೊಡಿಸುತ್ತೇನೆ. ತೆರಿಗೆಯ ಪಾಲಿನಲ್ಲಿ ಅರ್ಧದಷ್ಟು ಬೆಲೆ ಇಳಿಸು. ನಿನ್ನ ಮೆತ್ತೆ ಎಲ್ಲರಿಗಿಂತ ಅಗ್ಗವಾಗುತ್ತದೆ, ಗಾಡಿಗಟ್ಟಲೆ ಹೋಗುತ್ತದೆ. ಉಳಿದ ಅರ್ಧ ನನ್ನದು. ವ್ಯಾಪಾರಿ ಬಾಯಿ ಚಪ್ಪರಿಸಿದ. ಕೈಮುಗಿಯುವುದೊಂದು ಬಾಕಿ. ಮೂರನೆಯ ಮನುಷ್ಯನಿಗೆ ತಿಳಿಯಬಾರದು ಎಂದು ಪರಿಶೀಲಕ ಎಚ್ಚರಿಸಿದಾಗ "ನನಗೆ ನಿಮ್ಮ ಮುಖವೇ ನೆನಪಿಲ್ಲ ಸ್ವಾಮಿ" ಎಂದು ಕಣ್ಣು ಮಿಟುಕಿಸಿದ. ಇವನೂ ದಡ್ಡನೇ, ಆದರೆ ಉಪಯೋಗಕ್ಕೆ ಬರುವ ದಡ್ಡ.

ಇನ್ನು ಬೇಕಾಗಿದ್ದದ್ದು ಒಂದು ಮುಖ. ನಿಜವಾದ ವಿಳಾಸವಿರುವ, ನಿಜವಾಗಿ ಬೆವರುವ, ಕೇಳಿದರೆ ಹೌದೆನ್ನುವ ಒಬ್ಬ ಮಾಲೀಕ. ಅದಕ್ಕೆ ಪರಿಶೀಲಕ ದೂರ ಹೋಗಬೇಕಾಗಲಿಲ್ಲ. ಷಡ್ಡಕ ಇದ್ದ.

ಹೆಂಡತಿಯ ಅಕ್ಕನ ಗಂಡ. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊಲಿದು, ಸ್ಪ್ರಿಂಗ್ ಬಿಗಿದು ಕೊಡುವವನು. ಸದಾ ತುಟಿಗಳ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡಿರುತ್ತಿದ್ದ, ಆದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವನ ಸುತ್ತಲೇ ನಗು. ಯಾರದೋ ಹಳೇ ಸೋಫಾದ ಹೊಟ್ಟೆಯೊಳಗೆ ಹಲ್ಲುಸೆಟ್ಟು ಸಿಕ್ಕಿದ ಕತೆಯನ್ನು ಮಾವ ಹೇಳಿಸಿ ಹೇಳಿಸಿ ಕೇಳುತ್ತಿದ್ದರು. ಅತ್ತೆ ಅವನ ತಟ್ಟೆಗೆ ಎರಡನೇ ಸಲ ಬಡಿಸಿ, ಪರಿಶೀಲಕನ ಕಡೆ ತಿರುಗಿ, "ನೀನು ಯಾವ ಅಂಗಡಿಯಲ್ಲಪ್ಪಾ ಕೆಲಸ ಮಾಡೋದು?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಅಂಗಡಿಯಲ್ಲ ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಆ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗೂ ತನ್ನ ಕಾಲಿನ ಧೂಳಿಗೂ ಸಮನಾದ ಬುದ್ಧಿಯಿಲ್ಲ. ಅವರೆಲ್ಲ ಸೇರಿ ಮೆರೆಸುವುದು ಮೊಳೆ ಕಚ್ಚುವವನನ್ನು. ಅವನನ್ನು ಕಂಡರೆ ಪರಿಶೀಲಕನಿಗೆ ಆಗುತ್ತಿರಲಿಲ್ಲ, ಅಷ್ಟೇ. ಮದುವೆಯಾದ ಹೊಸದರಲ್ಲಿ ಅವನು ಒಂದು ಕಾಸೂ ಮುಟ್ಟದೆ ಇವರ ಮನೆಯ ಸೋಫಾ ಹೊಸದು ಮಾಡಿಕೊಟ್ಟದ್ದು ಕೂಡ ಪರಿಶೀಲಕನ ಕಣ್ಣಿಗೆ ಒಂದು ಹಮ್ಮಾಗಿಯೇ ಕಂಡಿತ್ತು.

ಈಗ ಅದೇ ಷಡ್ಡಕ ದೇವರು ಕೊಟ್ಟ ವರದಂತೆ ಕಂಡ. ಅವನ ಕಾರ್ಖಾನೆ ತುಂಬ ಫೋಮಿನ ಹಾಳೆ, ರೆಕ್ಸಿನ್ ಸುರುಳಿ, ಹೊಲಿಗೆ ಯಂತ್ರ. ಮೆತ್ತೆ ಮಾರುವವನ ಜಾಗ ಇದಕ್ಕಿಂತ ಸಾಚಾ ಆಗಿ ಕಾಣುವುದು ಸಾಧ್ಯವೇ?

"ಭಾವ, ನಿಮ್ಮ ಹೆಸರಲ್ಲಿ ಒಂದು ಆನ್‌ಲೈನ್ ವ್ಯಾಪಾರ ಶುರು ಮಾಡೋಣ" ಎಂದು ಪರಿಶೀಲಕ ಒಂದು ಮಧ್ಯಾಹ್ನ ಕಾರ್ಖಾನೆಗೇ ಹೋಗಿ ಹೇಳಿದ. "ಕುಶನ್. ಸರಕು ಹೊರಗಿಂದ ಬಂದು ನೇರ ನಮ್ಮ ಕಂಪನಿ ಗೋಡೌನಿಗೆ ಇಳಿಯುತ್ತೆ. ಕಟ್ಟೋದು, ಕಳಿಸೋದು ಎಲ್ಲ ಅವರೇ. ನೀವು ಮಾಲೀಕರಾಗಿ ಕೂತಿದ್ರೆ ಸಾಕು."

ಷಡ್ಡಕ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಕೂರೋದಕ್ಕೂ ದುಡ್ಡು ಕೊಡ್ತಾರಾ ಸಾಹೇಬ್ರೇ?" ಅವನು ಪರಿಶೀಲಕನನ್ನು ಮೊದಲಿಂದ ಕರೆಯುತ್ತಿದ್ದದ್ದೇ ಹಾಗೆ, ಸಾಹೇಬ್ರೇ ಎಂದು.

"ತಿಂಗಳಿಗೊಂದಿಷ್ಟು ನಿಮಗೆ. ನಾನು ಅದೇ ಕಂಪನಿಯಲ್ಲಿರೋದ್ರಿಂದ ನನ್ನ ಹೆಸರು ಎಲ್ಲೂ ಬರಬಾರದು, ಅಷ್ಟೇ."

"ತೆರಿಗೆ ಗಿರಿಗೆ ಅಂತ ಏನಾದ್ರೂ ತಕರಾರು ಬರಲ್ಲ ತಾನೇ? ನನಗೆ ಆ ಕಚೇರಿ ಅಂದ್ರೇನೇ ಕೈಕಾಲು ಆಡಲ್ಲ."

ಈ ಪ್ರಶ್ನೆಗೇ ಪರಿಶೀಲಕ ಕಾದಿದ್ದ. ತೆರಿಗೆಯನ್ನು ತಾನೇ ಕಟ್ಟುವೆನೆಂದ. ಕಚೇರಿಯಲ್ಲಿ ತನಗೆ ಬೇಕಾದವರಿದ್ದಾರೆ. ತಿಂಗಳು ತಿಂಗಳು ತೆರಿಗೆಯ ಪಾಲನ್ನು ಬ್ಯಾಂಕಿನಿಂದ ತೆಗೆದು ತನ್ನ ಕೈಗೆ ಕೊಟ್ಟರೆ ಸಾಕು, ಒಯ್ದು ಕಟ್ಟುವುದು ತನ್ನ ಕೆಲಸ, ರಸೀದಿ ವರ್ಷದ ಕೊನೆಗೆ ಒಟ್ಟಿಗೆ ಬರುತ್ತದೆ. ಷಡ್ಡಕನ ಮುಖ ಅರಳಿತು. ಅಷ್ಟು ದೊಡ್ಡ ಮನುಷ್ಯರು ತನಗಾಗಿ ಇಷ್ಟು ತ್ರಾಸ ತೆಗೆದುಕೊಳ್ಳುವುದೇ? ಅಕ್ಕ ಒಳಗಿಂದ ಕಾಫಿ ತಂದಳು. ಮಗಳ ಓದಿಗೆ ದಾರಿಯಾಯಿತು ಎಂದು ಅವಳ ಕಣ್ಣು ತುಂಬಿ ಬಂತು. ಪರಿಶೀಲಕ ಕಾಫಿ ಕುಡಿದು, ಲೋಟ ಕೆಳಗಿಟ್ಟು, ತುಂಬ ಸಕ್ಕರೆಯಾಯಿತು ಎಂದ.

ಹಣ ಹೀಗೆ ಕೈಯಿಂದ ಕೈಗೆ ಬರುವುದರಲ್ಲೇ ಎಲ್ಲ ಚಮತ್ಕಾರ ಇತ್ತು. ಮೆತ್ತೆಯ ಮೂಲ ಬೆಲೆ ಷಡ್ಡಕನ ಖಾತೆಯಿಂದ ವ್ಯಾಪಾರಿಯ ಖಾತೆಗೆ ಹೋಗುತ್ತದೆ, ಅದು ನೆಟ್ಟಗಿನ ವ್ಯವಹಾರ. ತೆರಿಗೆಯ ಪಾಲನ್ನು ನಗದಾಗಿ ತೆಗೆದವನು ಷಡ್ಡಕ. ಅಲ್ಲಿಂದ ಮುಂದೆ ಹೆಜ್ಜೆ ಗುರುತೇ ಇಲ್ಲ. ಒಂದು ಸಂದೇಶವಿಲ್ಲ, ಒಂದು ಸಹಿಯಿಲ್ಲ, ಫೋನಿನಲ್ಲಿ ಹಣದ ಮಾತಿಲ್ಲ. ನಾಳೆ ಅವನು ‘ಸಾಹೇಬ್ರ ಕೈಗೆ ಕೊಟ್ಟೆ’ ಎಂದು ಬಾಯಿ ಬಡಿದುಕೊಂಡರೆ ನಂಬುವವರು ಯಾರು? ಸಿಕ್ಕಿಬಿದ್ದ ಪ್ರತಿಯೊಬ್ಬನೂ ಯಾರದಾದರೂ ಹೆಸರು ಹೇಳಿಯೇ ಹೇಳುತ್ತಾನೆ. ಅಂಥ ಹೆಸರುಗಳನ್ನು ಎಂಟು ವರ್ಷದಿಂದ ಕೇಳಿ ಕಸದ ಬುಟ್ಟಿಗೆ ಹಾಕಿದವನು ತಾನೇ.

ಪರಿಶೀಲನೆಯ ಕಂಟಕವೊಂದು ಉಳಿದಿತ್ತು. ಅದನ್ನು ತಾನೇ ಮಾಡಿದರೆ ನಾಳೆ ಬೆರಳು ತನ್ನ ಕಡೆ ತಿರುಗುತ್ತದೆ. ಅದಕ್ಕೆ ಅವನು ಪಕ್ಕದ ಮೇಜಿನವನನ್ನು ಆರಿಸಿಕೊಂಡ. ಇವನು ಊಟವಾದ ಮೇಲೆ ಒಂದು ಗಂಟೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಪ್ರಾಣಿ. ಆ ಹೊತ್ತಿನಲ್ಲಿ ಬಂದ ಅರ್ಜಿಗಳಿಗೆಲ್ಲ ಆಕಳಿಸುತ್ತ ಸೈ ಎನ್ನುತ್ತಿದ್ದ. ಅರ್ಜಿಗಳು ಸರದಿಯಂತೆ ಮೇಜುಗಳಿಗೆ ಹೋಗುತ್ತಿದ್ದವು. ಆ ಸರದಿ ಯಾವ ಹೊತ್ತಿಗೆ ಯಾರ ಹತ್ತಿರ ಬರುತ್ತದೆಂದು ಪರಿಶೀಲಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಷಡ್ಡಕನಿಗೆ ವಿಡಿಯೊ ಕರೆಯಲ್ಲಿ ಏನು ತೋರಿಸಬೇಕು, ಹೇಗೆ ನಿಲ್ಲಬೇಕು ಎಂದು ಹೇಳಿಕೊಟ್ಟ. ಬಾಯಿಂದ ಮೊಳೆ ತೆಗೆಯಬೇಡಿ, ಅದೇ ಚೆನ್ನಾಗಿ ಕಾಣುತ್ತದೆ ಎಂದ. ಕರೆ ಬಂದಾಗ ಷಡ್ಡಕ ಹೊಲಿಗೆ ಯಂತ್ರ ತೋರಿಸಿ, ಫೋಮು ತೋರಿಸಿ, ಕೇಳದಿದ್ದರೂ ಹಲ್ಲುಸೆಟ್ಟಿನ ಕತೆಯನ್ನೂ ಹೇಳಿದ. ಪಕ್ಕದ ಮೇಜಿನವನು ಹೊಟ್ಟೆ ಹಿಡಿದು ನಕ್ಕು, ಮುದ್ರೆ ಒತ್ತಿದ. ಮೆತ್ತೆಯ ಚಿತ್ರದ ಮೂಲೆಯಲ್ಲಿ ‘ದೇಶದೊಳಗಿನ ಮಾರಾಟಗಾರ’ ಎಂಬ ಹಸಿರು ಗುರುತು ಮೂಡಿತು.

ಮೆತ್ತೆ ಹೋಯಿತು ನೋಡಿ! ಪರಿಶೀಲಕನೇ ಬೆರಗಾಗುವಷ್ಟು ಹೋಯಿತು. ಬೆಲೆ ಎಲ್ಲರಿಗಿಂತ ಕಡಿಮೆ, ಮೇಲೆ ಹಸಿರು ಗುರುತು. ಲಾರಿ ಓಡಿಸುವವರು ಕೊಂಡರು, ಟಿಕೆಟು ಕೊಡುವವರು ಕೊಂಡರು, ಹೆರಿಗೆಯಾದ ಹೆಂಗಸರು ಕೊಂಡರು. ಮೆಚ್ಚಿಕೊಂಡು ಬರೆದವರ ಮಾತುಗಳನ್ನು ಅವನು ಮೇಜಿನ ಹಿಂದೆ ಕೂತು ಓದಿ ಮೂಗು ಮುರಿಯುತ್ತಿದ್ದ. ‘ನನ್ನ ಬೆನ್ನಿಗೆ ಜೀವ ಬಂತು’ ಎಂದು ಬರೆದಿದ್ದಳು ಒಬ್ಬಳು. ತೆರಿಗೆ ಕದ್ದ ಮೆತ್ತೆಯಿಂದ ಬಂದ ಜೀವ, ತಾಯೀ. ‘ನಮ್ಮವರದೇ ಸರಕು, ಹೆಮ್ಮೆಯಾಗುತ್ತದೆ’ ಎಂದಿದ್ದ ಇನ್ನೊಬ್ಬ. ಕುರಿಗಳು ತಾವಾಗಿ ಬಂದು ಉಣ್ಣೆ ಕೊಟ್ಟು, ಮೇಲೆ ಉಪಕಾರವಾಯಿತೆಂದು ಹೇಳಿಹೋಗುತ್ತಿದ್ದವು.

ತಿಂಗಳಿಗೊಮ್ಮೆ ಅವನು ಕಾರ್ಖಾನೆಗೆ ಹೋಗುತ್ತಿದ್ದ. ಷಡ್ಡಕ ರೆಕ್ಸಿನ್ ತುಂಡಿನಲ್ಲಿ ಹೊಲಿದ ಚೀಲದೊಳಗೆ ನೋಟುಗಳನ್ನು ಇಟ್ಟುಕೊಡುತ್ತಿದ್ದ. ಪರಿಶೀಲಕ ಅದನ್ನು ಎಣಿಸುತ್ತಲೂ ಇರಲಿಲ್ಲ. ಈ ಮನುಷ್ಯನಿಗೆ ಕದಿಯುವಷ್ಟು ಧೈರ್ಯವೆಲ್ಲಿಂದ? ಮನೆಯಲ್ಲಿ ಕಪಾಟಿನ ಮೇಲಿನ ಹಳೇ ಸೂಟ್‌ಕೇಸಿಗೆ ಸುರಿದು ಬೀಗ ಹಾಕುತ್ತಿದ್ದ. ಒಂದು ನೋಟನ್ನೂ ಖರ್ಚು ಮಾಡಲಿಲ್ಲ. ಉಳಿದ ಕಳ್ಳರೆಲ್ಲ ಕಾರು ಕೊಂಡು, ಹೆಂಡತಿಗೆ ಒಡವೆ ಮಾಡಿಸಿ ಸಿಕ್ಕಿಬೀಳುತ್ತಾರೆ. ಅವನ ಹೆಂಡತಿಗೆ ಆ ಸೂಟ್‌ಕೇಸಿನಲ್ಲಿ ಆಫೀಸಿನ ಹಳೇ ಕಾಗದವಿದೆ ಎಂದಷ್ಟೇ ಗೊತ್ತು. ಆ ಹಣದಿಂದ ಗಡಿಯಾಚೆ ಹೋಗಿ, ಮಾರಾಟಗಾರರಿಗೆ ಬುದ್ಧಿ ಹೇಳುವ ತನ್ನದೇ ಒಂದು ಕಚೇರಿ ತೆರೆಯಬೇಕು. ಹೆಂಡತಿಯನ್ನು ಕರೆದೊಯ್ಯುವುದೋ ಬೇಡವೋ ಎಂಬುದನ್ನು ಅವನು ಇನ್ನೂ ಯೋಚಿಸುತ್ತಿದ್ದ.

ಹೊಸ ಮಾರಾಟಗಾರ ಮೊದಲ ತೆರಿಗೆ ಲೆಕ್ಕ ಒಪ್ಪಿಸುವುದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಸರ್ಕಾರ ತಲೆಯೆತ್ತಿಯೂ ನೋಡುವುದಿಲ್ಲ. ವರ್ಷ ತುಂಬುವುದಕ್ಕೆ ಮೊದಲು ಅಂಗಡಿ ಮುಚ್ಚಬೇಕು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಪರಿಶೀಲಕ ಇನ್ನೊಂದು ಹೆಜ್ಜೆ ಮುಂದೆ ಯೋಚಿಸಿದ್ದ, ಅದರ ಬಗ್ಗೆಯೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ. ಈ ವಂಚನೆಯನ್ನು ಹಿಡಿದುಕೊಡುವವನು ತಾನೇ ಆಗಬೇಕು. ಸ್ವಂತ ಷಡ್ಡಕನೆಂದೂ ನೋಡದೆ ಕಾನೂನಿಗೆ ಒಪ್ಪಿಸಿದ ನಿಷ್ಠಾವಂತ! ಕಣ್ಣು ಮುಚ್ಚಿ ಮುದ್ರೆ ಒತ್ತಿದ ಪಕ್ಕದ ಮೇಜಿನವನಿಗೆ ಬಾಗಿಲು, ಅವನನ್ನು ಇಟ್ಟುಕೊಂಡ ಮುಖ್ಯಸ್ಥನಿಗೆ ಮುಖಭಂಗ. ಆ ಕುರ್ಚಿ ಖಾಲಿಯಾದರೆ ಅದರ ಮೇಲೆ ಕೂರುವವನು ಯಾರು? ಈ ಸಲ ಬಾಟಲಿ ಕೊಟ್ಟು ಕಳಿಸಲಾರರು.

ಷಡ್ಡಕ ಜೈಲಿಗೆ ಹೋಗುತ್ತಾನಲ್ಲ ಎಂಬುದನ್ನು ಅವನು ಯೋಚಿಸದೆ ಇರಲಿಲ್ಲ. ಯೋಚಿಸಿದ, ಮತ್ತು ಸಂತೋಷಪಟ್ಟ. ಮಾವನ ಮನೆಯ ಊಟದ ಮೇಜಿನಲ್ಲಿ ಆ ಕುರ್ಚಿ ಖಾಲಿ ಬಿದ್ದಿರುವುದು, ಎಲ್ಲರೂ ತಟ್ಟೆ ನೋಡಿಕೊಂಡು ಉಣ್ಣುವುದು, ಅತ್ತೆ ಮೊದಲ ಸಲ ತನ್ನ ಕೆಲಸವೇನೆಂದು ಸರಿಯಾಗಿ ಕೇಳುವುದು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು.

ವರ್ಷದ ಕೊನೆಯ ತಿಂಗಳುಗಳಲ್ಲಿ ಷಡ್ಡಕ ಸ್ವಲ್ಪ ಮಂಕಾದ. ಮಾವನ ಮನೆಯಲ್ಲಿ ಕತೆ ಹೇಳೆಂದರೆ ಗಂಟಲು ಕೆಟ್ಟಿದೆ ಎನ್ನುತ್ತಿದ್ದ. ನಾಲ್ಕು ಕಾಸು ಕಂಡೊಡನೆ ಗತ್ತು ಬಂತು ಎಂದುಕೊಂಡ ಪರಿಶೀಲಕ. ಪರಿಶೀಲಕ ಕಾರ್ಖಾನೆಗೆ ಹೋದಾಗ ಮಾತ್ರ ಷಡ್ಡಕ ಎಂದೂ ಕೇಳದ ಪ್ರಶ್ನೆಗಳನ್ನು ಕೇಳುತ್ತಿದ್ದ.

"ಸಾಹೇಬ್ರೇ, ಈ ದುಡ್ಡು ನೀವು ಯಾರ ಕೈಗೆ ಕೊಡ್ತೀರಿ?"

"ಯಾಕೆ ಭಾವ, ನಂಬಿಕೆ ಇಲ್ವಾ?"

"ಅಯ್ಯೋ, ಹಾಗಲ್ಲ. ಇವಳು ಕೇಳ್ತಿದ್ಲು. ಅಷ್ಟೂ ತೆರಿಗೆಗೇ ಹೋಗುತ್ತಾ ಅಂತ."

"ಅಕ್ಕನಿಗೆ ಹೇಳಿ, ಒಂದು ಪೈಸೆ ಬಿಡದೆ ಅಷ್ಟನ್ನೂ ನಾನೇ ನನ್ನ ಕೈಯಾರೆ ಒಯ್ದು ಕಟ್ತಿದೀನಿ. ಅಲ್ಲಿರೋರೆಲ್ಲ ನಾನು ಕೂರು ಅಂದ್ರೆ ಕೂರೋ ಜನ, ನಿಲ್ಲು ಅಂದ್ರೆ ನಿಲ್ಲೋ ಜನ."

"ಪ್ರತಿ ತಿಂಗಳೂ ಕಟ್ಟಿದೀರಿ ತಾನೇ? ಒಂದ್ಸಲ ಬಾಯಿಬಿಟ್ಟು ಹೇಳಿಬಿಡಿ ಸಾಹೇಬ್ರೇ, ನನ್ನ ಸಮಾಧಾನಕ್ಕೆ." ಹೇಳುವಾಗ ಷಡ್ಡಕ ಚೀಲವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಅವನ ಬಾಯಲ್ಲಿ ಮೊಳೆಯಿರಲಿಲ್ಲ. ಪರಿಶೀಲಕನಿಗೆ ನಗು ಬಂತು. ಮಗುವಿಗೆ ಹೇಳುವಂತೆ ಪ್ರತಿ ತಿಂಗಳೂ ಕಟ್ಟಿದ್ದೇನೆ ಎಂದು ಬಿಡಿಸಿ ಬಿಡಿಸಿ ಹೇಳಿ, ಚೀಲವನ್ನು ಬಗಲಿಗೆ ಸೇರಿಸಿಕೊಂಡ. ಬೀಳ್ಕೊಡುವಾಗ ಷಡ್ಡಕ ಅವನ ಮುಖವನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಕೃತಜ್ಞತೆಯಿದೆ ಎಂದುಕೊಂಡು ಪರಿಶೀಲಕ ಮೆಟ್ಟಿಲಿಳಿದ.

ಅದಾದ ಮುಂದಿನ ವಾರ ಅವನು ಅಂಗಡಿ ಮುಚ್ಚಿಸಿದ. ವ್ಯಾಪಾರಿ ತನ್ನ ಕೊನೆಯ ಸರಕಿನ ಹಣ ಪಡೆದು ಮಾಯವಾದ. ಪರಿಶೀಲಕ ಮುಖ್ಯಸ್ಥನ ಕೋಣೆಗೆ ಹೋಗಿ, ಮುಖವನ್ನು ಸಾಧ್ಯವಾದಷ್ಟು ಬಾಡಿಸಿಕೊಂಡು, ಮಾರಾಟಗಾರನೊಬ್ಬನ ಮೇಲೆ ಅನುಮಾನ ಬಂದು ಕೆದಕಿದೆ, ಕೆದಕಿದರೆ ನಮ್ಮ ಮನೆಯವನೇ ಸಿಕ್ಕಿದ ಎಂದ. ದನಿ ಕೂಡ ಒಂದಿಷ್ಟು ಬಿರುಕು ಬಿಡುವಂತೆ ನೋಡಿಕೊಂಡ. ಮುಖ್ಯಸ್ಥ ಪರದೆಯ ಕಡೆ ನೋಡಿದ. ಅದಕ್ಕೆ ಬಣ್ಣದ ಚಿತ್ರ ಯಾವುದೂ ಸಿದ್ಧವಿರಲಿಲ್ಲ. ತೆರಿಗೆ ಕಚೇರಿಗೆ ದೂರು ನೀವೇ ಒಯ್ಯಿರಿ ಎಂದ. ಅವನು ಬಾಯಿಬಿಟ್ಟು ಹೇಳುವುದಕ್ಕೆ ಮೊದಲೇ ಪರಿಶೀಲಕ ಕೋಟು ಹಾಕಿಕೊಂಡಿದ್ದ.

ತೆರಿಗೆ ಕಚೇರಿ ಅವನು ಎಣಿಸಿದ್ದಂತೆಯೇ ಇತ್ತು. ಉದ್ದನೆಯ ಸಭಾಂಗಣ, ಬಣ್ಣ ಹೋದ ಗೋಡೆ, ಸಾಲು ಸಾಲು ಮೇಜು, ಮೇಜಿನ ಹಿಂದೆ ಬೆನ್ನು ಬಗ್ಗಿಸಿಕೊಂಡು ಕೂತ ಜನ. ಇವರು ತನ್ನನ್ನು ಹಿಡಿಯುವವರೇ? ಅವನಿಗೆ ಪಾಪವೆನಿಸಿತು. ದೂರು ತೆಗೆದುಕೊಳ್ಳಲು ಸಿಕ್ಕಿದ ಅಧಿಕಾರಿಣಿ ನಿವೃತ್ತಿಗೆ ಹತ್ತಿರವಾದವಳು. ಕನ್ನಡಕವನ್ನು ಸರದಂತೆ ಕೊರಳಿಗೆ ನೇತುಹಾಕಿಕೊಂಡಿದ್ದಳು, ನಿದ್ದೆಯಿಂದ ಈಗಷ್ಟೇ ಎದ್ದ ಮುಖ. ಕೂತುಕೊಳ್ಳಿ ಎಂದು ಎದುರಿನ ಕುರ್ಚಿ ತೋರಿಸಿ, ಚಹಾ ತರಿಸಿದಳು.

ಅವನು ಹೇಳಿದ. ಸಾವಧಾನವಾಗಿ, ಇಂಥವರಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದ. ಗಡಿಯಾಚೆಯ ಸರಕು, ಬಾಡಿಗೆಯ ಮಾಲೀಕ, ತಿಂಗಳು ತಿಂಗಳು ನಗದಾಗಿ ತೆಗೆದು ನುಂಗಿದ ತೆರಿಗೆ. ಆರೋಪಿ ತನ್ನ ಹೆಂಡತಿಯ ಅಕ್ಕನ ಗಂಡನೇ ಎಂಬಲ್ಲಿ ಒಂದು ಕ್ಷಣ ನಿಲ್ಲಿಸಿ ಚಹಾ ಗುಟುಕರಿಸಿದ. ಅಧಿಕಾರಿಣಿ ಬಾಯಲ್ಲಿ "ತ್ಚು ತ್ಚು" ಎಂದಳು. ಆ ಹಣವೆಲ್ಲ ಈಗ ಎಲ್ಲಿರಬಹುದು ಎಂದು ಕೇಳಿದಳು. ಅದು ಆ ಮನುಷ್ಯನಿಗೇ ಗೊತ್ತು ಎಂದ. ಹೇಳಿದ್ದಷ್ಟನ್ನೂ ಅವಳು ಮುದ್ರಿಸಿ ತರಿಸಿದಳು, ಅವನು ಓದಿ ಸಹಿ ಹಾಕಿದ. ಅವಳ ಭಾಷೆಯಲ್ಲಿದ್ದ ಎರಡು ತಪ್ಪುಗಳನ್ನೂ ತಿದ್ದಿಕೊಟ್ಟ.

ಕೆಲಸ ಮುಗಿಯಿತು. ಅವನು ಮೈ ಸಡಿಲಬಿಟ್ಟು ಹಿಂದಕ್ಕೆ ಒರಗಿದ. ಆಗಲೇ ಗೊತ್ತಾದದ್ದು, ಇಷ್ಟು ಹೊತ್ತು ಕೂತಿ‌ದ್ದರೂ ಬೆನ್ನು ನೋಯುತ್ತಿಲ್ಲವೆಂದು. ಬಗ್ಗಿ ನೋಡಿದ. ಕೆಳಗೆ ಬೂದು ಬಣ್ಣದ ದಪ್ಪ ಮೆತ್ತೆ, ಹಿಂಬದಿಗೆ ಕಚ್ಚು. ತಲೆಯೆತ್ತಿದ. ಅಧಿಕಾರಿಣಿಯ ಕುರ್ಚಿಯಲ್ಲೂ ಅದೇ. ಆಚೆ ಮೇಜಿನಲ್ಲೂ ಅದೇ, ಅದರಾಚೆಯದರಲ್ಲೂ. ಸಭಾಂಗಣದ ಕೊನೆಯವರೆಗೆ ಇದ್ದವರೆಲ್ಲ ಅವನ ಮೆತ್ತೆಯ ಮೇಲೇ ಕೂತಿದ್ದರು. ಅವನಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ನಗು. ಈ ಕುರಿಗಳೂ ಕೊಂಡಿವೆಯಲ್ಲ! ಅದನ್ನು ಅದುಮಿಕೊಳ್ಳುತ್ತ, "ಕುಶನ್ ಚೆನ್ನಾಗಿದೆ ಮೇಡಂ" ಎಂದ.

"ಚೆನ್ನಾಗಿದೆ ಅಲ್ವಾ?" ಎಂದಳು ಅಧಿಕಾರಿಣಿ, ಕನ್ನಡಕ ಏರಿಸಿಕೊಳ್ಳುತ್ತ. ಬಾಗಿಲ ಬಳಿ ಇಬ್ಬರು ಬಂದು ನಿಂತಿದ್ದರು; ಅವಳ ಮುಖದಲ್ಲಿ ಈಗ ನಿದ್ದೆಯ ಸುಳಿವೂ ಇರಲಿಲ್ಲ. "ಸರ್ಕಾರಿ ಕಚೇರಿಗೆ ಏನು ಕೊಳ್ಳೋದಿದ್ರೂ ನಮ್ಗೆ ಎರಡೇ ನಿಯಮ. ಮಾರೋರು ದೇಶದೊಳಗಿನೋರಾಗಿರ್ಬೇಕು, ಅವರಲ್ಲಿ ಯಾರದು ಎಲ್ಲಕ್ಕಿಂತ ಅಗ್ಗವೋ ಅವರತ್ರಾನೇ ಕೊಳ್ಬೇಕು. ಹುಡುಕಿದ್ರೆ ನಿಮ್ಮ ಭಾವನ ಕುಶನ್ನೇ ಮೊದಲು ಬಂತು. ಬಿಲ್ ಪಾಸು ಮಾಡೋಕೆ ಮುಂಚೆ ತೆರಿಗೆ ರಸೀದಿ ಕೇಳೋದು ನಮ್ಮ ಪದ್ಧತಿ. ಹೊಸಬರು, ವರ್ಷದ ಕೊನೆಗೆ ಕಟ್ತೀನಿ ಅಂತ ಒಂದು ಸಾಲು ಬರೆದುಕೊಟ್ಟಿದ್ರೆ ಸಾಕಿತ್ತು. ಪಾಪ, ಅವರು ಎದೆ ತಟ್ಟಿಕೊಂಡು, ತಿಂಗಳು ತಿಂಗಳೂ ಕಟ್ಟಿದೀವಲ್ಲ, ನಮ್ಮ ಸಾಹೇಬ್ರು ತಂದುಕೊಡ್ತಾರಲ್ಲ ಅಂದ್ರು. ನಮ್ಮ ಲೆಕ್ಕಕ್ಕೆ ಒಂದು ಕಾಸೂ ಬಂದಿಲ್ಲ ಅಂತ ನಾವೇ ಅವರಿಗೆ ತೋರಿಸಿದ್ವಿ. ಆಮೇಲಿಂದ ಅವರು ನಿಮ್ಮ ಕೈಗಿಟ್ಟ ನೋಟುಗಳ ನಂಬರೂ, ನೀವು ಅವರ ಹತ್ರ ಆಡಿದ ಮಾತಿನ ರೆಕಾರ್ಡೂ ನಮ್ಮ ಹತ್ರ ಇದೆ. ಈಗ ನಿಮ್ಮ ಮನೇಲಿ ಹುಡುಕ್ತಿದಾರೆ." ಪರಿಶೀಲಕ ಮತ್ತೊಮ್ಮೆ ಬಗ್ಗಿ ಮೆತ್ತೆಯನ್ನು ನೋಡಿದ. ಗಡಿಯಾಚೆಯ ಮೆತ್ತೆಯನ್ನು ದೇಶದೊಳಗಿನದು ಮಾಡಿದವನೂ ಅವನೇ, ಕದ್ದ ತೆರಿಗೆಯಲ್ಲಿ ಅದನ್ನು ಎಲ್ಲರಿಗಿಂತ ಅಗ್ಗ ಮಾಡಿದವನೂ ಅವನೇ. ಸರಕು, ಮುಖ, ಮುದ್ರೆ, ನಗದು, ದಿನಾಂಕ ಎಲ್ಲವನ್ನೂ ತೂಗಿ ನೋಡಿದ್ದ. ದಿನವಿಡೀ ಕುರ್ಚಿಯಲ್ಲಿ ಕೂತು ಬೆನ್ನು ನೋಯಿಸಿಕೊಳ್ಳುವವರು ತೆರಿಗೆ ಕಚೇರಿಯಲ್ಲೂ ಇರುತ್ತಾರೆ ಎಂಬುದೊಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.